ಅಪ್ಪನ ದುರ್ಯೋಧನನನ್ನು ನೋಡಿ ನಕ್ಕವನು ನಾನೇ: ‘ಓವರ್ ಆ್ಯಕ್ಟಿಂಗ್’ ಅನ್ನೋ ಮಾತಿನ ಬಗ್ಗೆ

(ಈ ಎಪಿಸೋಡ್‌ನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತು ಸಿನಿಮಾದಲ್ಲಿ ನಾಟಕದ ಶೈಲಿಯ ನಟನೆ ಬಗ್ಗೆ ಮಾತಾಡೋಣ. ನಾವೆಲ್ಲ ಒಂದೇ ಮಾತಲ್ಲಿ ‘ಓವರ್ ಆ್ಯಕ್ಟಿಂಗ್’ ಅಂತ ತಳ್ಳಿಹಾಕ್ತೀವಲ್ಲ, ಅದರ ಬಗ್ಗೆ. ಅದಕ್ಕೂ ಮೊದಲು ನನ್ನದೊಂದು ತಪ್ಪೊಪ್ಪಿಗೆ ಇದೆ.

ನಾನು ಗುಂಡ್ಲುಪೇಟೆ ತಾಲ್ಲೂಕಿನವನು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗೋ ರಸ್ತೇಲಿ ತೆರಕಣಾಂಬಿ ಸಿಗುತ್ತೆ. ಅಲ್ಲಿಂದ ಒಳಗೆ ಹೋದರೆ ನಮ್ಮೂರು. ಸೀಸನ್ನಲ್ಲಿ ಬಂದರೆ ಎರಡೂ ಕಡೆ ಚೆಂಡು ಹೂವು, ಸೂರ್ಯಕಾಂತಿ. ನೀವು ಅಲ್ಲಿ ನಿಂತು ಫೋಟೋ ತೆಗೆಸ್ಕೊಂಡಿರಬಹುದು. ಅಂಥದೇ ಒಂದು ಹೊಲದಲ್ಲಿ ನಮ್ಮಪ್ಪ ದುಡೀತಾರೆ.

ನಮ್ಮೂರಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ‘ಕುರುಕ್ಷೇತ್ರ’ ನಾಟಕ ಆಡ್ತಾರೆ. ಹಳೇ ಮೈಸೂರು ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು ಇಡೀ ರಾತ್ರಿ ನಡೆಯೋ ಪೌರಾಣಿಕ ನಾಟಕ. ಆಡೋರು ಊರವರೇ: ರೈತರು, ಡ್ರೈವರ್‌ಗಳು, ಅಂಗಡಿ ಇಟ್ಟಿರೋರು. ಹಾರ್ಮೋನಿಯಂ ಮೇಷ್ಟ್ರು ಒಬ್ಬರು ಬಂದು ತಿಂಗಳುಗಟ್ಟಲೆ ಹಾಡು, ಮಾತು ಕಲಿಸ್ತಾರೆ. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತೆ. ಇನ್ನೊಂದು ವಿಷಯ ಗೊತ್ತಾ? ಇಲ್ಲಿ ನಟರಿಗೆ ಯಾರೂ ಸಂಬಳ ಕೊಡಲ್ಲ. ನಟರೇ ಪಾತ್ರಕ್ಕೆ ದುಡ್ಡು ಕಟ್ಟಬೇಕು. ಪಾತ್ರ ದೊಡ್ಡದಾದಷ್ಟೂ ರೇಟು ಜಾಸ್ತಿ. ನಮ್ಮೂರಲ್ಲಿ ಕೃಷ್ಣ ಮತ್ತೆ ದುರ್ಯೋಧನ ಅಂದ್ರೆ ಜೇಬು ಗಟ್ಟಿ ಇರಬೇಕು. ನಮ್ಮಪ್ಪ ದುರ್ಯೋಧನ. ಆ ವರ್ಷ ಹೂವಿಗೆ ರೇಟು ಸಿಕ್ಕಿತ್ತು, ಅದರಲ್ಲೇ ಒಂದು ಪಾಲು ತೆಗೆದು ಪಾತ್ರಕ್ಕೆ ಕಟ್ಟಿದ್ರು.

ನಾನು ಬೆಂಗಳೂರಿಂದ ರಜೆಗೆ ಹೋಗಿದ್ದೆ. ಚಾವಡೀಲಿ ಪ್ರಾಕ್ಟೀಸ್ ನಡೀತಿತ್ತು. ಅಪ್ಪ ಲುಂಗಿ ಉಟ್ಕೊಂಡು, ಹೆಗಲ ಮೇಲೆ ಟವೆಲ್ ಹಾಕ್ಕೊಂಡು, ಗದೆ ಬದಲು ಒಂದು ದೊಣ್ಣೆ ಹಿಡ್ಕೊಂಡು ಘರ್ಜಿಸ್ತಾ ಇದ್ರು. ಎದೆ ಮುಂದೆ, ತಲೆ ಹಿಂದೆ, ಒಂದೊಂದು ಅಕ್ಷರವನ್ನೂ ಎಳೆದು ಎಳೆದು. ನನಗೆ ನಗು ತಡೆಯೋಕಾಗಲಿಲ್ಲ. ಫೋನ್ ತೆಗೆದು ಅರ್ಧ ನಿಮಿಷ ಶೂಟ್ ಮಾಡ್ದೆ. ಹಿಂದೆ ನಗೋ ಸೌಂಡ್ ಹಾಕ್ದೆ. ‘ಆಸ್ಕರ್‌ಗೆ ಅಪ್ಪ ರೆಡಿ’ ಅಂತ ಕ್ಯಾಪ್ಶನ್ ಕೊಟ್ಟೆ. ರೀಲ್ಸ್ ಓಡಿತು. ನಾನು ಅಂದ್ಕೊಂಡಿದ್ದಕ್ಕಿಂತ ಬಹಳ ದೂರ ಓಡಿ, ತಿರುಗಿ ನಮ್ಮೂರಿನ ವಾಟ್ಸಾಪ್ ಗ್ರೂಪಿಗೇ ಬಂತು.

ಅಪ್ಪ ಅದನ್ನ ನೋಡಿದ್ದು ಟೀ ಅಂಗಡೀಲಿ, ಬೇರೆ ಯಾರದೋ ಫೋನಲ್ಲಿ. ನನಗೆ ಒಂದು ಮಾತೂ ಬೈಲಿಲ್ಲ. ಮಾರನೇ ದಿನ ಪ್ರಾಕ್ಟೀಸಿಗೆ ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ. ಅಷ್ಟರಲ್ಲಿ ನಾನು ಬೆಂಗಳೂರಿಗೆ ವಾಪಸ್ ಬಂದಿದ್ದೆ. ಅಮ್ಮ ಫೋನ್ ಮಾಡಿ ಹೇಳಿದ್ರು: “ಪಾತ್ರನ ಬೇರೇವ್ರಿಗೆ ಕೊಡಿ ಅಂತ ಮೇಷ್ಟ್ರಿಗೆ ಹೇಳ್ಬುಟ್ಟವ್ರೆ ಕಣಪ್ಪ.”

ಆ ವಾರದ ಕೊನೆಗೆ ಊರಿಗೆ ಓಡಿದೆ. ಮೊದಲು ಅಪ್ಪನ ಹತ್ರ ಹೋಗೋ ಧೈರ್ಯ ಬರಲಿಲ್ಲ, ಮೇಷ್ಟ್ರ ಹತ್ರ ಹೋದೆ. ಅವರು ನನ್ನನ್ನ ಬೈಯೋದು ಬಿಟ್ಟು ಒಂದು ಪ್ರಶ್ನೆ ಕೇಳಿದ್ರು. “ನೀನು ಶುರು ತೋರ್ಸಿದ್ದೀಯ. ಕೊನೆ ನೋಡಿದ್ದೀಯಾ?” ಚಿಕ್ಕ ವಯಸ್ಸಿಂದ ಎಷ್ಟೋ ಸಲ ನಾಟಕಕ್ಕೆ ಹೋಗಿದ್ದೀನಿ, ಆದರೆ ಬೆಳಗಿನ ಜಾವದ ಹೊತ್ತಿಗೆ ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿರ್ತಿದ್ದೆ. ದುರ್ಯೋಧನನ ಕೊನೆ ಸೀನನ್ನ ನಾನು ಯಾವತ್ತೂ ಎಚ್ಚರವಾಗಿ ನೋಡೇ ಇರಲಿಲ್ಲ.

ಇವತ್ತಿನ ಎಪಿಸೋಡ್ ಆ ಪ್ರಶ್ನೆಯಿಂದಲೇ ಹುಟ್ಟಿದ್ದು. ಅಪ್ಪನ ವಿಷಯಕ್ಕೆ ಕೊನೇಲಿ ಬರ್ತೀನಿ. ಮೊದಲು ನಮ್ಮ ಜಿಲ್ಲೆ ಕಡೆಯವರೇ ಆದ ಇನ್ನೊಬ್ಬ ಅಪ್ಪ, ಮಗನ ಕಥೆ ಹೇಳಬೇಕು.

ಚಾಮರಾಜನಗರದಿಂದ ದಕ್ಷಿಣಕ್ಕೆ ಹೋಗಿ ರಾಜ್ಯದ ಗಡಿ ದಾಟಿದರೆ ತಾಳವಾಡಿ ಸೀಮೆ. ಈಗ ತಮಿಳುನಾಡಿಗೆ ಸೇರಿದೆ, ಆದರೆ ಊರೂರಲ್ಲಿ ಕನ್ನಡ ಮಾತಾಡೋ ಜನ. ಅಲ್ಲೊಂದು ಹಳ್ಳಿ, ಗಾಜನೂರು. ನಿಮ್ಮಲ್ಲಿ ಕೆಲವರಿಗೆ ಈ ಹೆಸರು ಗೊತ್ತಿರೋದು 2000ನೇ ಇಸವಿ ಜುಲೈ 30ರ ರಾತ್ರಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನ ಅಪಹರಿಸಿದ ಜಾಗ ಅಂತ. 108 ದಿನ ಕಾಡಲ್ಲಿದ್ದು ವಾಪಸ್ ಬಂದ್ರು. ಆದರೆ ಗಾಜನೂರಿಗೆ ಅದಕ್ಕಿಂತ ಹಳೇ ಗುರುತು ಇದೆ. 1929ರ ಏಪ್ರಿಲ್ 24ರಂದು ಮುತ್ತುರಾಜ ಅನ್ನೋ ಮಗು ಹುಟ್ಟಿದ್ದು ಅಲ್ಲಿ. ತಂದೆಯ ಊರು ಕೊಳ್ಳೇಗಾಲ ತಾಲ್ಲೂಕಿನ ಸಿಂಗಾನಲ್ಲೂರು. ಈಗ ಅದು ಚಾಮರಾಜನಗರ ಜಿಲ್ಲೆ. ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು, 1956ರಲ್ಲಿ ನಮ್ಮ ಕಡೆ ಸೇರಿತು.

ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಕಂಸ, ರಾವಣ, ಹಿರಣ್ಯಕಶಿಪು ಇಂಥ ಪಾತ್ರಗಳಿಗೆ ಹೆಸರು ಮಾಡಿದ್ದವರು. ಮುತ್ತುರಾಜ ಎಳೇ ವಯಸ್ಸಿಗೇ ಶಾಲೆ ಬಿಟ್ಟು ಕಂಪನಿ ಸೇರಿಕೊಂಡ್ರು. ಅವರಿಗೆ ಫಿಲ್ಮ್ ಇನ್‌ಸ್ಟಿಟ್ಯೂಟ್ ಅಂದ್ರೆ ಅದೇ: ಪರದೆಯ ಪಕ್ಕದಲ್ಲಿ ನಿಂತು, ಅಪ್ಪ ರಾಕ್ಷಸ ಆಗೋದನ್ನ ದಿನಾ ರಾತ್ರಿ ನೋಡೋದು.

ಈ ಕಂಪನಿ ನಾಟಕ ಅಂದ್ರೆ ಏನು ಅಂತ ಸ್ವಲ್ಪ ತಿಳ್ಕೋಬೇಕು. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಅದನ್ನ ದೊಡ್ಡದಾಗಿ ಬೆಳೆಸಿದವರು ಗುಬ್ಬಿ ವೀರಣ್ಣ. ಊರಿಂದ ಊರಿಗೆ ಟೆಂಟು, ಬಣ್ಣದ ಪರದೆ, ನಟರು, ಅಡುಗೆಯವರು ಎಲ್ಲರೂ ಹೋಗೋರು. ಆ ಕಾಲದಲ್ಲಿ ಬಹಳ ದಿನ ಮೈಕ್ ಇರಲಿಲ್ಲ. ಯೋಚನೆ ಮಾಡಿ, ಕೊನೇ ಸಾಲಲ್ಲಿ ನೆಲದ ಮೇಲೆ ಕೂತವನೂ ಟಿಕೆಟ್ ತಗೊಂಡಿದ್ದಾನೆ. ಅವನಿಗೆ ನಟನ ಮುಖ ನಾಣ್ಯದಷ್ಟು ಕಾಣುತ್ತೆ. ಕಣ್ಣಲ್ಲಿ ನೀರು ಬಂದ್ರೆ ಗೊತ್ತಾಗಲ್ಲ. ಪಿಸುಮಾತಾಡಿದ್ರೆ ಕೇಳಲ್ಲ. ಹಾಗಾಗಿ ಕೋಪ ಬಂದ್ರೆ ಅದು ಹೆಗಲಿಂದ ಬರಬೇಕು, ಬರೀ ಹುಬ್ಬಿಂದ ಬಂದ್ರೆ ಸಾಲದು. ಮಾತಿನಲ್ಲಿ ಸ್ವರ ಎಳೀಬೇಕು, ವ್ಯಂಜನ ಹೊಡೀಬೇಕು, ಆಗಲೇ ಪದ ಒಡೆಯದೆ ಹಿಂದಿನ ಸಾಲಿಗೆ ತಲುಪೋದು. ಮಾತು ಸಾಕಾಗದೇ ಹೋದ ಜಾಗದಲ್ಲಿ ಹಾಡು ಬರುತ್ತೆ. ನಡಿಗೆ ನೋಡಿದ್ರೇ ಇವನು ರಾಜ, ಇವನು ಮುನಿ, ಇವನು ಕಳ್ಳ ಅಂತ ಗೊತ್ತಾಗಬೇಕು.

ನಾವು ‘ಅತಿ’ ಅನ್ನೋದೆಲ್ಲ ಹುಟ್ಟಿದ್ದು ಈ ದೂರದ ಲೆಕ್ಕಾಚಾರದಿಂದ. ನಾಟಕದವರಿಗೆ ನಟನೆ ಗೊತ್ತಿಲ್ಲದೆ ಕೂಗ್ತಿದ್ರು ಅಂದುಕೊಳ್ಳೋದು, ಪೇಂಟರ್‌ಗೆ ಚಿಕ್ಕದಾಗಿ ಬರೆಯೋಕೆ ಬರದೆ ಬೋರ್ಡ್ ಮೇಲೆ ದೊಡ್ಡ ಅಕ್ಷರ ಬರೆದ ಅಂದಂತೆ.

1954ರಲ್ಲಿ ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ ಸಿನಿಮಾ ಮಾಡಿದ್ರು. ಮುತ್ತುರಾಜ ರಾಜ್‌ಕುಮಾರ್ ಆಗಿದ್ದು ಅಲ್ಲಿ. ಅದೇ ಚಿತ್ರದಲ್ಲಿ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಇದ್ದರು. ಎಲ್ಲ ರಂಗಭೂಮಿಯ ಮಂದಿ. ಈಗ ಅವರ ಮುಂದೆ ಹೊಸ ಸಮಸ್ಯೆ. ಕ್ಯಾಮೆರಾ ಅನ್ನೋ ಪ್ರೇಕ್ಷಕ ಎರಡಡಿ ದೂರದಲ್ಲಿ ಕೂತಿದ್ದಾನೆ. ಕೊನೇ ಸಾಲು ಅನ್ನೋದೇ ಇಲ್ಲ. ಹೆಗಲಿಂದ ಬರ್ತಿದ್ದ ಕೋಪವನ್ನ ಈಗ ಎಲ್ಲಿಂದ ತರೋದು?

ಇದಕ್ಕೆ ಎರಡು ಸುಲಭ ಉತ್ತರ ಇತ್ತು. ನಾಟಕದ್ದನ್ನೇ ಹಾಗೇ ಮಾಡೋದು. ಇಲ್ಲಾ, ಪೂರ್ತಿ ಬಿಟ್ಟು ಸಹಜವಾಗಿ ಮಾತಾಡೋದು. ರಾಜ್‌ಕುಮಾರ್ ಅವರ ಸಿನಿಮಾಗಳನ್ನ ಸಾಲಾಗಿ ನೋಡ್ತಾ ಹೋದ್ರೆ ಮೂರನೇ ಉತ್ತರ ಕಾಣುತ್ತೆ. ಅವರು ನಾಟಕವನ್ನ ಫ್ಯಾನ್ ರೆಗ್ಯುಲೇಟರ್ ಥರ ಬಳಸಿದ್ರು. ಎಷ್ಟು ಬೇಕೋ ಅಷ್ಟು ಏರಿಸೋದು, ಬೇಕಾದಾಗ ಇಳಿಸೋದು. ಆ ಏರಿಳಿತದಲ್ಲೇ ಪಾತ್ರ ಬೆಳೆಯೋದು.

ಉದಾಹರಣೆಗೆ 1983ರ ‘ಭಕ್ತ ಪ್ರಹ್ಲಾದ’. ನಿರ್ದೇಶನ ವಿಜಯ್. ರಾಜ್‌ಕುಮಾರ್ ಹಿರಣ್ಯಕಶಿಪು, ಅಂದ್ರೆ ತಮ್ಮ ತಂದೆ ಹೆಸರು ಮಾಡಿದ್ದ ಅದೇ ಪಾತ್ರ. ಪ್ರಹ್ಲಾದ ಆಗಿದ್ದು ಅವರ ಮಗ, ಆಗ ಮಾಸ್ಟರ್ ಲೋಹಿತ್, ಆಮೇಲೆ ನಮ್ಮೆಲ್ಲರ ಪುನೀತ್. ಒಂದು ಪಾತ್ರದಲ್ಲಿ ಮೂರು ತಲೆಮಾರು ಸೇರಿದಂಗಾಯ್ತು.

ಈ ಸಿನಿಮಾದ ತುಣುಕುಗಳು ಯೂಟ್ಯೂಬಲ್ಲಿ ಓಡಾಡ್ತಾ ಇರ್ತವೆ. ಆ ನಗು, ಆ ಗದೆ, ಆ ನಡಿಗೆ. ಕೆಲವರು ಭಕ್ತಿಯಿಂದ ಹಾಕ್ತಾರೆ, ಕೆಲವರು ತಮಾಷೆಗೆ. ಆದರೆ ಪೂರ್ತಿ ಸಿನಿಮಾ ನೋಡಿ. ಆಸ್ಥಾನದಲ್ಲಿ ಅವನು ಮೂರು ಲೋಕ ಗೆದ್ದ ದೊರೆ. ಅಲ್ಲಿ ನಾಟಕ ಪೂರ್ತಿ ವಾಲ್ಯೂಮಲ್ಲಿ ಇರುತ್ತೆ, ಪ್ರತಿ ಹೆಜ್ಜೆಯೂ ಒಂದು ಘೋಷಣೆ. ಮಗನನ್ನ ಹತ್ತಿರ ಕರೆದಾಗ ಅದೇ ದನಿ ಕೆಳಗಿಳಿಯುತ್ತೆ, ಎದೆಯ ಬಿಗಿ ಸಡಿಲಾಗುತ್ತೆ. ಆ ಕ್ಷಣದಲ್ಲಿ ಅವನು ಬರೀ ಅಪ್ಪ. ಆ ಮಗುವಿನ ಬಾಯಲ್ಲಿ ಹರಿ ನಾಮ ಬಂದ ತಕ್ಷಣ ದೊರೆ ಮತ್ತೆ ಎದ್ದು ನಿಲ್ತಾನೆ.

ಶುರುವಲ್ಲಿ ದೊರೆತನ ಅವನಿಗೆ ಸಲೀಸು. ಕಥೆ ಮುಂದೆ ಹೋದಂತೆ ಆ ಘರ್ಜನೆಯ ಅರ್ಥ ಬದಲಾಗುತ್ತೆ. ಮೊದಲು ಅಹಂಕಾರ ಆಗಿದ್ದದ್ದು ಆಮೇಲೆ ಹೆದರಿಕೆ ಮುಚ್ಚಿಕೊಳ್ಳೋ ಸದ್ದು ಥರ ಕೇಳುತ್ತೆ. ಮಗನನ್ನ ಕೊಲ್ಲಿಸೋಕೆ ಹೊರಟ ಅಪ್ಪ ಅವನು. ಒಳಗಿನ ಅಪ್ಪನ ದನಿ ಕೇಳಿಸಬಾರದು ಅಂತಲೇ ಜೋರಾಗಿ ಕೂಗ್ತಿದ್ದಾನೆ ಅನ್ನಿಸುತ್ತೆ. ಇಷ್ಟೂ ಗೊತ್ತಾಗೋದು ಮೊದಲಿನ ಘರ್ಜನೆ ನಮ್ಮ ಕಿವೀಲಿ ಇದ್ದರೆ ಮಾತ್ರ. ಮೂವತ್ತು ಸೆಕೆಂಡಿನ ತುಣುಕಲ್ಲಿ ಬರೀ ಸದ್ದು ಇರುತ್ತೆ.

ಇನ್ನೊಂದು 1977ರ ‘ಬಭ್ರುವಾಹನ’, ಹುಣಸೂರು ಕೃಷ್ಣಮೂರ್ತಿ ನಿರ್ದೇಶನ. ಇದರಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನ ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಹಾಡಿನಲ್ಲೇ ಜಗಳ ಆಡೋ ದೃಶ್ಯ ನಿಮ್ಮ ಮನೆಯ ಹಿರಿಯರಿಗೆ ಬಾಯಿಪಾಠ ಇರುತ್ತೆ. ಮುಖ ಒಂದೇ. ಸಹಜ ನಟನೆ ಅಂತ ಇಬ್ಬರೂ ಸಾಧಾರಣವಾಗಿ ಮಾತಾಡಿಬಿಟ್ಟಿದ್ರೆ ಇಬ್ಬರನ್ನೂ ಬೇರೆ ಮಾಡೋದು ಕಷ್ಟ ಇತ್ತು. ನಿಲ್ಲೋ ರೀತಿ, ಕತ್ತಿನ ಕೋನ, ಮಾತಿನ ವೇಗ, ಇದರಲ್ಲೇ ಒಬ್ಬ ಗೆದ್ದು ಗೆದ್ದು ಸೊಕ್ಕಿದವನು, ಇನ್ನೊಬ್ಬ ಅವಮಾನ ತಿಂದ ಹುಡುಗ ಅಂತ ಗೊತ್ತಾಗುತ್ತೆ. ಶೈಲೀಕೃತ ನಟನೆ ಅಂದ್ರೆ ಎಲ್ಲರೂ ಒಂದೇ ಥರ ಕೂಗೋದು ಅಂದ್ಕೊಂಡವರು ಈ ಸೀನನ್ನ ಸೌಂಡ್ ಆಫ್ ಮಾಡಿ ನೋಡಬೇಕು.

ಸರಿ, ಇವೆಲ್ಲ ಕಿರೀಟ ಇರೋ ಪಾತ್ರಗಳಾಯ್ತು. ಪ್ಯಾಂಟು, ಶರ್ಟು, ಕೋಟು ಹಾಕ್ಕೊಂಡಾಗ? ನನ್ನ ಪ್ರಕಾರ ಅವರ ನಾಟಕದ ಕಲಿಕೆ ಅತ್ಯಂತ ಆಳವಾಗಿ ಕೆಲಸ ಮಾಡಿರೋದು ಅಲ್ಲೇ.

1971ರ ‘ಕಸ್ತೂರಿ ನಿವಾಸ’, ದೊರೆ-ಭಗವಾನ್ ಜೋಡಿಯ ಸಿನಿಮಾ. 2014ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ರು. ನೋಡದೇ ಇರೋರು ಒಂದು ನಿಮಿಷ ಕಿವಿ ಮುಚ್ಕೊಳ್ಳಿ. ರವಿವರ್ಮ ಬೆಂಕಿಪೊಟ್ಟಣ ಕಾರ್ಖಾನೆಯ ಮಾಲೀಕ, ಕೇಳಿದವರಿಗೆ ಇಲ್ಲ ಅಂದಿಲ್ಲದ ಮನುಷ್ಯ. ಅವನ ಕೈಕೆಳಗೆ ಕೆಲಸ ಮಾಡಿದವನೇ ಅವನನ್ನ ಮೀರಿ ಬೆಳೀತಾನೆ. ಇವನು ಒಂದೊಂದೇ ಕಳ್ಕೊತಾ ಇಳೀತಾನೆ. ಕೊನೆಗೆ ಒಂದು ಪಾರಿವಾಳ ಕೇಳ್ಕೊಂಡು ಮನೆಗೆ ಬರ್ತಾರೆ. ಕೊಡೋಕೆ ಆ ಪಾರಿವಾಳವೂ ಇಲ್ಲ.

ಕಥೆ ಕೇಳಿದ ತಕ್ಷಣ ಏನೋ ನೆನಪಾಗುತ್ತೆ ಅಲ್ವಾ? ಇದ್ದದ್ದನ್ನೆಲ್ಲ ಕೊಟ್ಟ ರಾಜ, ಸ್ಮಶಾನ ಕಾಯೋಕೆ ನಿಂತ ರಾಜ. ಇದು ಹರಿಶ್ಚಂದ್ರನ ಕಥೆಗೆ ಅಣ್ಣನೋ ತಮ್ಮನೋ ಆಗಬೇಕು. ರಾಜ್‌ಕುಮಾರ್ 1965ರಲ್ಲೇ ‘ಸತ್ಯ ಹರಿಶ್ಚಂದ್ರ’ ಮಾಡಿದ್ರು. ಆರು ವರ್ಷ ಆದ್ಮೇಲೆ ಅದೇ ರಾಜನನ್ನ ಕಿರೀಟ ತೆಗೆಸಿ, ಕೋಟು ಹಾಕಿಸಿ, ಕಾರ್ಖಾನೆಯ ಆಫೀಸಲ್ಲಿ ಕೂರಿಸಿದಂಗಿದೆ.

ರವಿವರ್ಮನ ಬೆನ್ನು ನೋಡಿ. ಅದು ಕಂಪನಿ ನಾಟಕದ ರಾಜನ ಬೆನ್ನು, ನೆಟ್ಟಗೆ. ಶ್ರೀಮಂತಿಕೆ ಇದ್ದಾಗ ಅದು ಸಹಜವಾಗೇ ಕಾಣುತ್ತೆ. ಬಡತನ ಬಂದಾಗ ಬೇರೆ ನಟರಾಗಿದ್ರೆ ಬಗ್ಗಿಸ್ತಿದ್ರೇನೋ, ಜನಕ್ಕೆ ಅಯ್ಯೋ ಅನ್ನಿಸಲಿ ಅಂತ. ಇವರು ಬಗ್ಗಿಸಲ್ಲ. ಮನೆ ಖಾಲಿ ಆಗ್ತಾ ಹೋಗುತ್ತೆ, ಮೈಮೇಲಿನ ಬಟ್ಟೆ ಹಳೇದಾಗುತ್ತೆ, ಬೆನ್ನು ಮಾತ್ರ ಹಾಗೇ. ಅದಕ್ಕೇ ಕೊನೇಲಿ ಕೊಡೋಕೆ ಏನೂ ಇಲ್ಲ ಅಂದಾಗ ನಮಗೆ ತಡ್ಕೊಳ್ಳೋಕಾಗಲ್ಲ. ಇಡೀ ಸಿನಿಮಾ ಎತ್ತಿ ಹಿಡಿದಿದ್ದ ಒಂದು ಭಂಗಿ ಅಲ್ಲಿ ಕುಸಿಯುತ್ತೆ.

ಮಾರನೇ ವರ್ಷ, 1972, ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’. ಬೆಂಗಳೂರಿನಲ್ಲಿ ಎರಡು ವರ್ಷ ಓಡಿದ ಸಿನಿಮಾ. ಬರಡು ನೆಲವನ್ನ ಬಂಗಾರ ಮಾಡಿದ ರಾಜೀವ, ಸಾಕಿದವರೇ ಅನುಮಾನದ ಮಾತಾಡಿದಾಗ ಊರು ಬಿಟ್ಟು ನಡೆದುಬಿಡ್ತಾನೆ. ಪೌರಾಣಿಕದಲ್ಲಾದ್ರೆ ಆ ಜಾಗದಲ್ಲಿ ಒಂದು ದೊಡ್ಡ ಭಾಷಣ, ಒಂದು ಶಾಪ ಇರಬೇಕಿತ್ತು. ಘರ್ಜಿಸೋಕೆ ಬರೋ ಗಂಟಲು ಅದು, ನಮಗೂ ಗೊತ್ತು. ಅಂಥ ಗಂಟಲು ಅಲ್ಲಿ ತಗ್ಗುತ್ತೆ ಅನ್ನೋದೇ ನಮ್ಮನ್ನ ಅಲ್ಲಾಡಿಸೋದು. ಮಾತೇ ಬರದವನ ಮೌನಕ್ಕೂ, ಮಾತು ಬಲ್ಲವನ ಮೌನಕ್ಕೂ ವ್ಯತ್ಯಾಸ ಇದೆ.

ಇದು ನಮ್ಮಲ್ಲಿ ಮಾತ್ರ ಆಗಿದ್ದು ಅಂದ್ಕೋಬೇಡಿ. ಜಪಾನಿನ ಅಕಿರಾ ಕುರೊಸಾವಾ 1957ರಲ್ಲಿ ‘ಥ್ರೋನ್ ಆಫ್ ಬ್ಲಡ್’ ಅಂತ ಸಿನಿಮಾ ಮಾಡಿದ್ರು. ಶೇಕ್ಸ್‌ಪಿಯರ್‌ನ ಮ್ಯಾಕ್‌ಬೆತ್ ಕಥೆ, ನಟನೆ ಮಾತ್ರ ಜಪಾನಿನ ಹಳೇ ರಂಗಕಲೆ ‘ನೋ’ ಶೈಲಿಯದು. ನಾಯಕನ ಹೆಂಡತಿಯಾಗಿ ಇಸುಜು ಯಮಾಡ. ಗಂಡನಿಗೆ ಕೊಲೆ ಮಾಡೋಕೆ ಹೇಳಿಕೊಡುವಾಗ ಆಕೆಯ ಮುಖ ಮುಖವಾಡದ ಥರ ಅಲ್ಲಾಡಲ್ಲ. ನಡೆದ್ರೆ ರೇಷ್ಮೆ ಬಟ್ಟೆಯ ಸರಸರ ಸದ್ದು ಮಾತ್ರ. ಕೊನೇ ಭಾಗದಲ್ಲಿ ಇಲ್ಲದ ರಕ್ತವನ್ನ ಕೈಯಿಂದ ತೊಳೀತಾ ಕೂತಾಗ ಆ ಮುಖವಾಡ ಒಡೆಯುತ್ತೆ. ಮೊದಲು ಅಷ್ಟು ಬಿಗಿಯಾಗಿ ಕಟ್ಟಿದ್ದಕ್ಕೇ ಒಡೆದಾಗ ನಾವು ಬೆಚ್ಚಿಬೀಳೋದು.

ಇನ್ನು ನಿಮಗೆ ಹತ್ತಿರದ್ದೇ ಹೇಳ್ತೀನಿ. 2022ರಲ್ಲಿ ‘ಕಾಂತಾರ’ ನೋಡಿದ್ರಿ ತಾನೇ? ಕ್ಲೈಮ್ಯಾಕ್ಸಲ್ಲಿ ರಿಷಬ್ ಶೆಟ್ಟಿ ಮಾಡಿದ್ದು ಸಹಜ ನಟನೆನಾ? ಆ ಕೂಗು, ಆ ಕಣ್ಣು, ಆ ಹೆಜ್ಜೆ ಎಲ್ಲ ಕರಾವಳಿಯ ಭೂತಾರಾಧನೆಯಿಂದ ಬಂದಿದ್ದು. ಥಿಯೇಟರಲ್ಲಿ ಒಬ್ಬರಾದ್ರೂ ‘ಓವರ್ ಆ್ಯಕ್ಟಿಂಗ್’ ಅಂದ್ರಾ? ನಾನಂತೂ ಸೀಟಲ್ಲಿ ಕಲ್ಲಾಗಿದ್ದೆ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ಯಾಕೆ ಒಪ್ಪಿದ್ವಿ ಅಂದ್ರೆ, ಅದಕ್ಕೂ ಮೊದಲು ಶಿವ ಅನ್ನೋ ಹುಡುಗನನ್ನ ಎರಡು ಗಂಟೆ ನೋಡಿದ್ವಿ. ಕಂಬಳ ಓಡಿಸೋನು, ಕುಡಿಯೋನು, ಹೊಡೆದಾಡೋನು, ದೈವ ಅಂದ್ರೆ ಕನಸಲ್ಲೂ ಹೆದರಿ ಓಡೋನು. ಯಾವುದರಿಂದ ತಪ್ಪಿಸಿಕೊಳ್ತಿದ್ದನೋ ಅದೇ ಅವನ ಮೈ ತುಂಬಿಕೊಂಡಿತು. ರಾಜ್‌ಕುಮಾರ್ ರಾಜೀವನಾಗಿ ಶೈಲಿಯನ್ನ ಇಳಿಸಿ ಪಾತ್ರ ಬೆಳೆಸಿದ್ರೆ, ಇಲ್ಲಿ ಏರಿಸಿ ಬೆಳೆಸಿದ್ದಾರೆ. ಅದೇ ಕ್ಲೈಮ್ಯಾಕ್ಸನ್ನ, ಸಿನಿಮಾ ನೋಡದೇ ಇರೋ ಒಬ್ಬನಿಗೆ ಫೋನಲ್ಲಿ ಹತ್ತು ಸೆಕೆಂಡ್ ತೋರಿಸಿ. ಅವನು ನಗಲೂಬಹುದು.

ಹಾಗಾದ್ರೆ ಓವರ್ ಆ್ಯಕ್ಟಿಂಗ್ ಅನ್ನೋದೇ ಇಲ್ವಾ? ಇದೆ, ಧಾರಾಳವಾಗಿದೆ. ಹಳೇ ಸಿನಿಮಾಗಳಲ್ಲೂ ಇದೆ, ನಮ್ಮೂರ ನಾಟಕದಲ್ಲೂ ಇದೆ. ನಾನು ಕಂಡ್ಕೊಂಡಿರೋ ಅಳತೆ ಇಷ್ಟು: ಮೊದಲ ಸೀನಲ್ಲಿ ಹೇಗೆ ಕೂಗಿದನೋ ಕೊನೇ ಸೀನಲ್ಲೂ ಹಾಗೇ ಕೂಗಿದರೆ ಅದು ಓವರ್ ಆ್ಯಕ್ಟಿಂಗ್. ಮಧ್ಯೆ ಅವನ ಮಗ ಸತ್ತಿದ್ದಾನೆ, ರಾಜ್ಯ ಹೋಗಿದೆ, ದನಿಗೆ ಮಾತ್ರ ಏನೂ ಆಗಿಲ್ಲ. ಇದೇ ಅಳತೆಯನ್ನ ಈಗಿನ ‘ರಿಯಲಿಸ್ಟಿಕ್’ ನಟನೆಗೂ ಹಿಡೀರಿ. ಮೊದಲ ಸೀನಿಂದ ಕೊನೇ ಸೀನಿನವರೆಗೆ ಒಂದೇ ಥರ ಗೊಣಗೋದು, ಒಂದೇ ಥರ ಕಿಟಕಿ ಆಚೆ ನೋಡೋದು. ಅದೂ ಒಂದು ಶೈಲಿನೇ. ಅಲ್ಲೂ ಪಾತ್ರ ಬೆಳೆದಿಲ್ಲ ಅಂದ್ರೆ, ಸದ್ದು ಕಮ್ಮಿ ಅನ್ನೋದು ಬಿಟ್ರೆ ಬೇರೆ ಏನು ಗುಣ?

ಈಗ ಅಪ್ಪನ ಹತ್ರ ಬರೋಣ.

ಮೇಷ್ಟ್ರ ಮನೆಯಿಂದ ಎದ್ದು ಹೊಲಕ್ಕೆ ಹೋದೆ. ಅಪ್ಪ ನೀರು ಬಿಡ್ತಾ ಇದ್ರು. “ಡಿಲೀಟ್ ಮಾಡಿದ್ದೀನಿ ಅಪ್ಪ” ಅಂದೆ. ಡಿಲೀಟ್ ಮಾಡಿದ್ದು ನನ್ನ ಫೋನಿಂದ. ಬೇರೆಯವರ ಫೋನುಗಳಲ್ಲಿ ಅದು ಇವತ್ತೂ ಇರಬಹುದು, ಅದನ್ನ ನಾನು ವಾಪಸ್ ತಗೊಳ್ಳೋಕಾಗಲ್ಲ. ಅಪ್ಪ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದೇ ಮಾತು: “ನಗ್ಲಿ ಬುಡು. ನಾಟ್ಕ ನೋಡಿ ನಗ್ಲಿ. ನಾಟ್ಕನೇ ನೋಡ್ದೆ ನಗದು ಯಾವ್ ನ್ಯಾಯ?”

ನಾನು ಒಂದು ಗಂಟೆ ಮಾತಾಡಿ ಹೇಳಬೇಕು ಅಂದ್ಕೊಂಡಿದ್ದನ್ನ ಅವರು ಮೂರು ವಾಕ್ಯದಲ್ಲಿ ಮುಗಿಸಿದ್ರು.

ಅಪ್ಪ ಮತ್ತೆ ಪಾತ್ರ ಮಾಡೋಕೆ ಒಪ್ಪಿದ್ದು ನನ್ನ ಕ್ಷಮಾಪಣೆಯಿಂದ ಅಂತ ಹೇಳ್ಕೊಂಡ್ರೆ ಸುಳ್ಳಾಗುತ್ತೆ. ಮೇಷ್ಟ್ರು ಬಂದು, “ಕಟ್ಟಿರೋ ದುಡ್ಡು ವಾಪಸ್ ಬರಲ್ಲ, ಕಿರೀಟಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ” ಅಂದ್ರು. ಅದು ಕೆಲಸ ಮಾಡಿತು.

ನಾಟಕದ ರಾತ್ರಿ ನಾನು ಮೊದಲನೇ ಸಲ ಕೊನೇವರೆಗೂ ಎಚ್ಚರ ಇದ್ದೆ. ಶುರುವಲ್ಲಿ ದುರ್ಯೋಧನ ಬಂದಾಗ ಅದೇ ಎದೆ, ಅದೇ ದನಿ. ನಾನು ಶೂಟ್ ಮಾಡಿದ್ದು ಇದನ್ನೇ. ಜನ ಶಿಳ್ಳೆ ಹೊಡೆದ್ರು. ರಾತ್ರಿ ಕಳೀತಾ ಕಳೀತಾ ಭೀಷ್ಮ ಹೋದ, ದ್ರೋಣ ಹೋದ, ಕರ್ಣ ಹೋದ. ಒಬ್ಬೊಬ್ಬರು ಹೋದಾಗಲೂ ಅಪ್ಪ ಸ್ಟೇಜಿನ ಮೇಲೆ ನಿಲ್ಲೋ ಜಾಗ ಸ್ವಲ್ಪ ಸ್ವಲ್ಪ ಹಿಂದೆ ಸರೀತಿತ್ತು. ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನನ ಸೀನು. ಕಿರೀಟ ಪಕ್ಕದಲ್ಲಿ ಬಿದ್ದಿತ್ತು. ಅಪ್ಪ ಎಳೆದು ಎಳೆದು ಹೇಳ್ತಿದ್ದ ಮಾತು ಈಗ ತುಂಡು ತುಂಡಾಗಿ ಬರ್ತಿತ್ತು. ಹಾಡು ಅರ್ಧಕ್ಕೆ ನಿಂತಾಗ ಹಾರ್ಮೋನಿಯಂ ಒಂದೇ ಸ್ವರ ಹಿಡ್ಕೊಂಡು ಕಾಯ್ತಾ ಇತ್ತು. ಪಕ್ಕದಲ್ಲಿ ಕೂತಿದ್ದ ನಮ್ಮೂರ ಒಬ್ಬ ಅಜ್ಜಿ, ಇಡೀ ರಾತ್ರಿ ದುರ್ಯೋಧನನಿಗೆ ಶಾಪ ಹಾಕ್ತಿದ್ದವರು, “ಅಯ್ಯೋ ಕಂದ” ಅಂತ ಸೆರಗಲ್ಲಿ ಕಣ್ಣು ಒರೆಸ್ಕೊಂಡ್ರು.

ಆ ಅಜ್ಜಿಯನ್ನ ಅಳಿಸಿದ್ದು ಕೊನೇ ಸೀನು ಒಂದೇ ಅಲ್ಲ. ರಾತ್ರಿ ಹತ್ತು ಗಂಟೆಗೆ ಹಾಕಿದ ಘರ್ಜನೆ ಬೆಳಿಗ್ಗೆ ಐದಕ್ಕೆ ಕೆಲಸ ಮಾಡಿತು. ನಾನು ಕತ್ತರಿಸಿ ಊರಿಗೆಲ್ಲ ಹಂಚಿದ್ದು ಬರೀ ಆ ಹತ್ತು ಗಂಟೆಯ ಘರ್ಜನೆಯನ್ನ.

ಈ ವಾರ ನೀವು ಮಾಡಬಹುದಾದ ಒಂದು ಕೆಲಸ ಹೇಳ್ತೀನಿ. ‘ಕಸ್ತೂರಿ ನಿವಾಸ’ ಆಗಲಿ, ‘ಭಕ್ತ ಪ್ರಹ್ಲಾದ’ ಆಗಲಿ, ಯಾವುದಾದರೂ ಒಂದನ್ನ ಫಾರ್ವರ್ಡ್ ಮಾಡದೆ ನೋಡಿ. ಮೂರೇ ಗಮನಿಸಿ. ನಾಯಕ ಮೊದಲ ಸಲ ನಡೆದು ಬರೋದು ಹೇಗೆ, ಕೊನೇ ಸಲ ಹೇಗೆ. ಯಾರ ಮುಂದೆ ಅವನ ದನಿ ಇಳಿಯುತ್ತೆ. ಮಾತಾಡಬೇಕಾದ ಯಾವ ಜಾಗದಲ್ಲಿ ಅವನು ಮಾತಾಡಲ್ಲ. ಇಷ್ಟು ನೋಡಿದ ಮೇಲೂ ನಗು ಬಂದ್ರೆ ನಗಿ, ತೊಂದರೆ ಇಲ್ಲ. ನಮ್ಮಪ್ಪನ ಕಾನೂನಿನ ಪ್ರಕಾರ ಅದು ನ್ಯಾಯ.

ಹಾಂ, ಆ ರಾತ್ರಿ ನಾನು ಇಡೀ ನಾಟಕ ರೆಕಾರ್ಡ್ ಮಾಡಿದೆ, ಎರಡು ಪವರ್ ಬ್ಯಾಂಕ್ ಖಾಲಿಯಾಯ್ತು. ಬೆಳಿಗ್ಗೆ ಬಣ್ಣ ಒರೆಸ್ಕೊಳ್ತಾ ಅಪ್ಪ ಕೇಳಿದ್ರು, “ಗ್ರೂಪಿಗೆ ಹಾಕಿಯಾ?” “ಫೈಲು ದೊಡ್ಡದು ಅಪ್ಪ, ವಾಟ್ಸಾಪಲ್ಲಿ ಹೋಗಲ್ಲ” ಅಂದೆ.

“ಹೋಗ್ದೆ ಇದ್ರೆ ಬುಡು. ನೋಡ್ಬೇಕು ಅನ್ನೋರು ಇಲ್ಲಿಗೇ ಬರ್ಲಿ” ಅಂದ್ರು. ಮುಂದಿನ ಸಲ ಆಡಿದಾಗ ಇಲ್ಲೇ ಹೇಳ್ತೀನಿ, ಬನ್ನಿ. ಚಾಪೆ ತನ್ನಿ, ಒಂದು ಶಾಲೂ ತನ್ನಿ. ನಮ್ಮ ಕಡೆ ಬೆಳಗಿನ ಜಾವ ಚಳಿ ಜಾಸ್ತಿ.